ಪೆಟ್ಟಿಗೆಯ ಮೇಲಿನ ಅಂಕಿ, ಬಕೆಟ್ಟಿನ ಲೆಕ್ಕ

ಸಂಜೆ ನಮ್ಮ ಮನೆಗೆ ಯಾರೇ ಬರಲಿ, ಮೊದಲು ಹೋಗಿ ನಿಲ್ಲುವುದು ನಡುಮನೆಯ ಮೀನಿನ ತೊಟ್ಟಿಯ ಮುಂದೆ. ಕಾಫಿ ಆರಿದರೂ ಅವರಿಗೆ ಪರಿವೆಯಿಲ್ಲ. ಆದರೆ ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲು ತೆಗೆದು ನೋಡಿದವರು ಈವರೆಗೆ ಒಬ್ಬರೂ ಇಲ್ಲ. ಅಲ್ಲಿ ಹಾಲಿನ ಕ್ಯಾನಿನ ಗಾತ್ರದ ಎರಡು ಪ್ಲಾಸ್ಟಿಕ್ ಡಬ್ಬಿಗಳು ಹಗಲೂ ರಾತ್ರಿ ಸಣ್ಣಗೆ ಗುಂಯ್‌ಗುಟ್ಟುತ್ತಿರುತ್ತವೆ. ಅಂಗಡಿಯವರು ಇವನ್ನು ಕ್ಯಾನಿಸ್ಟರ್ ಫಿಲ್ಟರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಡಬ್ಬಿ ಫಿಲ್ಟರ್. ಮೇಲಿನ ಮೀನುಗಳ ಉಸಿರು ಈ ಡಬ್ಬಿಗಳ ಕೈಯಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಮೂರು ಮೀನುಗಳನ್ನು ಕಳೆದುಕೊಂಡ ಮೇಲೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ದೊಡ್ಡ ತೊಟ್ಟಿ ಇಡಬೇಕೆಂದು ಆಸೆಪಡುವ ಅಜ್ಜ ಅಜ್ಜಿಯರಿಗೂ ಅವರನ್ನು ಕಾಡುತ್ತಿರುವ ಮೊಮ್ಮಕ್ಕಳಿಗೂ ಇದರಿಂದ ಉಪಯೋಗವಾದೀತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಮೀನು, ನೀರು, ಪಂಪು ಇವು ಯಾವುವೂ ನನ್ನ ವಿಷಯವಲ್ಲ. ಮಗನಿಗೆ ಪುಣೆಗೆ ವರ್ಗವಾದಾಗ ಶಾಲೆಯ ವರ್ಷ ಮುಗಿಯುವವರೆಗೆಂದು ಮೊಮ್ಮಗಳು ನಮ್ಮಲ್ಲೇ ಉಳಿದಳು. ಆಗ ಅವಳು ಆರನೆಯ ತರಗತಿ. ಅದೇ ಹೊತ್ತಿಗೆ ಪಕ್ಕದ ಮನೆಯವರು ಊರು ಬಿಟ್ಟು ಹೊರಟರು; ಹೋಗುವಾಗ ತಮ್ಮ ಖಾಲಿ ಗಾಜಿನ ತೊಟ್ಟಿಯನ್ನು ಅವಳಿಗೆ ಕೊಟ್ಟು ಹೋದರು. ಅಪ್ಪ ಅಮ್ಮನನ್ನು ಬಿಟ್ಟಿದ್ದ ಮಗು ಅದನ್ನು ನೋಡಿ ಮೊದಲ ಸಲ ನಕ್ಕಿತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ತೊಟ್ಟಿಯ ಉದ್ದ 4 ಅಡಿ, ಅಗಲ ಒಂದೂವರೆ ಅಡಿ, ಎತ್ತರ 2 ಅಡಿ. ಗುಣಿಸಿದರೆ 12 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ; ಅಂದರೆ ಒಟ್ಟು ಸುಮಾರು 340 ಲೀಟರ್. ಮೇಲೆ ಬಿಡುವ ಜಾಗ, ತಳಕ್ಕೆ ಹಾಕುವ ಜಲ್ಲಿ ಕಳೆದರೆ ನಿಜವಾದ ನೀರು 300 ಲೀಟರ್. ನೀರಿನ ತೂಕವೇ 300 ಕಿಲೋ. ಕಬ್ಬಿಣದ ಗಟ್ಟಿ ಸ್ಟ್ಯಾಂಡು ಮಾಡಿಸಿ, ತೂಕ ತಡೆಯುವ ಗೋಡೆಯ ಬದಿಗೆ ಇಟ್ಟೆವು. ಐದು ಚಿನ್ನದ ಮೀನು ತಂದೆವು. ಎಲ್ಲಕ್ಕಿಂತ ದಪ್ಪಗಿದ್ದದ್ದಕ್ಕೆ ಅವಳು ಗುಂಡ ಎಂದು ಹೆಸರಿಟ್ಟಳು.

ಫಿಲ್ಟರ್ ಆಯ್ಕೆ ನನ್ನ ಪಾಲಿಗೆ ಬಂತು. ನಾನು ನೋಡಿದ್ದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದ ಒಂದೇ ಅಂಕಿ: ಗಂಟೆಗೆ 1400 ಲೀಟರ್. ತೊಟ್ಟಿಯ ನೀರೆಲ್ಲ ಗಂಟೆಗೆ ಸುಮಾರು ನಾಲ್ಕು ಸಲ ಫಿಲ್ಟರಿನ ಮೂಲಕ ಹಾದುಹೋಗಬೇಕು ಎಂಬುದು ಮೀನು ಸಾಕುವವರು ರೂಢಿಯಲ್ಲಿಟ್ಟುಕೊಂಡಿರುವ ಲೆಕ್ಕ. 300 ಗುಣಿಸು 4 ಅಂದರೆ 1200. ಪೆಟ್ಟಿಗೆಯ ಮೇಲೆ 1400. ಇನ್ನೂರು ಲಾಭ! ಬೆಲೆಯೂ ಕಡಿಮೆ. ಹಣ ಎಣಿಸಿ ಕೊಟ್ಟೆ.

ಬಿಲ್ಲು ಬರೆಯುತ್ತಿದ್ದ ಅಂಗಡಿಯ ಹುಡುಗ ಒಳಗೆ ಹೋಗಿ ತನ್ನ ತೊಟ್ಟಿಯ ಫಿಲ್ಟರಿನಿಂದ ಕಂದು ಬಣ್ಣದ ಹಳೆಯ ಸ್ಪಂಜಿನ ತುಂಡೊಂದನ್ನು ನೀರಿನ ಸಮೇತ ಚೀಲದಲ್ಲಿ ಕಟ್ಟಿ ತಂದ. “ಇದನ್ನ ಡಬ್ಬಿಯೊಳಗೆ ಹಾಕಿ ಸರ್. ಮೊಸರಿಗೆ ಹೆಪ್ಪು ಇದ್ದಹಾಗೆ” ಅಂದ. ಹೊಸ ಫಿಲ್ಟರಿಗೆ ಹಳೆಯ ಕೊಳಕೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮೊಮ್ಮಗಳು ಮಾತ್ರ ಅವನು ಹೇಳಿದಂತೆಯೇ ಹಾಕಿದಳು.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಕೊಳವೆಯಿಂದ ಬೀಳುವ ನೀರು ಸಣ್ಣಗಾಯಿತು. ಒಂದು ದಿನ ಅವಳು ಶಾಲೆಗೆ ಹೋದ ಮೇಲೆ ಡಬ್ಬಿ ಬಿಚ್ಚಿದೆ. ಒಳಗೆಲ್ಲ ಕಂದು ಲೋಳೆ. ನಾನು ಸ್ವಲ್ಪ ಶುಚಿಯ ಮನುಷ್ಯ. ಎಲ್ಲವನ್ನೂ ಬಚ್ಚಲಿಗೆ ಒಯ್ದು, ನಲ್ಲಿ ನೀರನ್ನು ಜೋರಾಗಿ ಬಿಟ್ಟು, ಬ್ರಷ್ಷಿನಿಂದ ಉಜ್ಜಿ ಉಜ್ಜಿ ಪಿಂಗಾಣಿ ಉಂಗುರಗಳನ್ನು ಬೆಳ್ಳಗೆ ಮಾಡಿದೆ. ಹುಡುಗ ಕೊಟ್ಟಿದ್ದ ಹಳೆಯ ಸ್ಪಂಜನ್ನು ಕಸದ ಬುಟ್ಟಿಗೆ ಎಸೆದೆ. ಸಂಜೆ ಬಂದ ಮೊಮ್ಮಗಳಿಗೆ ಡಬ್ಬಿ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡೆ.

ಮೂರನೆಯ ದಿನ ಮೀನುಗಳೆಲ್ಲ ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚತೊಡಗಿದವು. ನಾಲ್ಕನೆಯ ದಿನ ಬೆಳಿಗ್ಗೆ ಎರಡು ಮೀನು ಸತ್ತು ತೇಲುತ್ತಿದ್ದವು. ಸಂಜೆಯ ಹೊತ್ತಿಗೆ ಗುಂಡನೂ ಹೋದ. ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿದೆವು. “ಯಾಕೆ ಸತ್ತವು ತಾತ?” ಎಂದು ಕೇಳಿದಳು. ನನಗೆ ಆಗಲೇ ಒಳಗೊಳಗೇ ಅನುಮಾನ ಇತ್ತು. ಆದರೂ “ಹೊಸದಾಗಿ ತಂದ ಆಹಾರ ಸರಿಯಿರಲಿಲ್ಲ ಅಂತ ಕಾಣುತ್ತೆ” ಅಂದುಬಿಟ್ಟೆ. ಅವಳು ತನ್ನ ಮೀನಿನ ಪುಸ್ತಕದಲ್ಲಿ, ತಾರೀಖಿನ ಮುಂದೆ, “ಆಹಾರ ಕೆಟ್ಟಿತ್ತು, 3 ಸಾವು” ಎಂದು ಬರೆದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಪಾರಾಗುತ್ತಿದ್ದೆ. ಮಾರನೆಯ ದಿನ ಆ ಆಹಾರದ ಡಬ್ಬ ಹಿಡಿದು ಅಂಗಡಿಗೆ ಹೋಗೋಣ ಎಂದು ಹಟ ಹಿಡಿದಳು. ಹೋದೆವು. ಹುಡುಗ ಅವಳ ದೂರನ್ನೆಲ್ಲ ಸುಮ್ಮನೆ ಕೇಳಿ, ನಾವು ಬಾಟಲಿಯಲ್ಲಿ ತಂದಿದ್ದ ತೊಟ್ಟಿಯ ನೀರಿಗೆ ಎರಡು ಬಗೆಯ ಔಷಧದ ಹನಿ ಹಾಕಿದ. ಹಳದಿಯಾಗಿರಬೇಕಾಗಿದ್ದ ನೀರು ಹಸಿರಾಯಿತು. “ಅಮೋನಿಯಾ ತುಂಬಾ ಇದೆ. ಫಿಲ್ಟರ್ ತೊಳೆದ್ರಾ ಸರ್?” ಅಂದ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅಂಗಡಿಯ ಗೋಡೆ ನೋಡಿದೆ.

ಮನೆಗೆ ಬರುವ ದಾರಿಯಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬ್ಯಾಂಕಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿಯಾದರೂ ಕೂತು ಹುಡುಕುತ್ತಿದ್ದ ನಾನು, ಮಗುವಿನ ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆಸಿದ್ದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಪುಸ್ತಕ ತಂದು, “ಬ್ಯಾಂಕಲ್ಲಿ ತಪ್ಪಾದರೆ ಏನು ಮಾಡ್ತಿದ್ರಿ?” ಎಂದು ಕೇಳಿದಳು. ಅಳಿಸಬಾರದು, ಹಾಳೆ ಹರಿಯಬಾರದು; ತಪ್ಪಿನ ಮೇಲೆ ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು ಎಂದೆ. ಅವಳು ಕೆಂಪು ಪೆನ್ನಿನಿಂದ ಗೆರೆ ಎಳೆದು, “ಫಿಲ್ಟರ್ ನಲ್ಲಿ ನೀರಲ್ಲಿ ತೊಳೆದದ್ದು” ಎಂದು ಬರೆದು, ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಸಹಿ ಹಾಕಿದೆ. ಅಲ್ಲಿಂದ ಮುಂದೆ ಫಿಲ್ಟರಿನ ಬಗ್ಗೆ ಇಬ್ಬರೂ ಸೇರಿ ಪಾಠ ಶುರುಮಾಡಿದೆವು.

ಡಬ್ಬಿಯೊಳಗೆ ಯಾರಿದ್ದಾರೆ?

ಶೃಂಗೇರಿಗೆ ಹೋದವರು ತುಂಗೆಯ ಮೀನುಗಳಿಗೆ ಪುರಿ ಹಾಕದೆ ಬರುವುದಿಲ್ಲ. ಅಷ್ಟು ದೊಡ್ಡ ಮೀನುಗಳು ಅಷ್ಟು ಗುಂಪಾಗಿದ್ದರೂ ಅಲ್ಲಿ ಯಾರೂ ಫಿಲ್ಟರ್ ಇಟ್ಟಿಲ್ಲ. ಹರಿಯುವ ನೀರು ಹೊಲಸನ್ನು ಒಯ್ಯುತ್ತದೆ. ಜೊತೆಗೆ ನದಿಯ ತಳದ ಕಲ್ಲುಗಳ ಮೇಲಿನ ಲೋಳೆಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ವಾಸವಾಗಿವೆ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುತ್ತದೆ. ಉಳಿದ ಆಹಾರ, ಮಲ ಕೊಳೆತರೂ ಬರುವುದು ಅಮೋನಿಯಾವೇ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರಿಂದ ತೊಂದರೆ ಬಹಳ ಕಡಿಮೆ. ರಷ್ಯಾದ ವಿಜ್ಞಾನಿ ಸೆರ್ಗೈ ವಿನೋಗ್ರಾಡ್‌ಸ್ಕಿ 1890ರ ಸುಮಾರಿಗೆ ಇಂಥ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದ.

ಗಾಜಿನ ತೊಟ್ಟಿಯಲ್ಲಿ ತುಂಗೆಯೂ ಇಲ್ಲ, ಅದರ ತಳದ ಕಲ್ಲುಗಳೂ ಇಲ್ಲ. ಅವೆರಡರ ಕೆಲಸವನ್ನೂ ಮಾಡುವುದು ಡಬ್ಬಿ ಫಿಲ್ಟರ್. ಜರ್ಮನಿಯ ಐಹೈಮ್ ಕಂಪನಿ 1960ರ ದಶಕದಲ್ಲೇ ಇಂಥವನ್ನು ಮಾರುಕಟ್ಟೆಗೆ ತಂದಿತ್ತು. ತತ್ವ ಇಂದಿಗೂ ಅದೇ. ತೊಟ್ಟಿಯಿಂದ ಒಂದು ಕೊಳವೆಯಲ್ಲಿ ನೀರು ಕೆಳಗಿನ ಮುಚ್ಚಿದ ಡಬ್ಬಿಗೆ ಇಳಿಯುತ್ತದೆ. ಅಲ್ಲಿ ಮೊದಲು ಒರಟು ಸ್ಪಂಜು. ಕಸ ಅಲ್ಲಿ ನಿಲ್ಲುತ್ತದೆ. ಆಮೇಲೆ ಸಣ್ಣ ತೂತಿನ ಪಿಂಗಾಣಿ ಉಂಗುರ ಅಥವಾ ಹಗುರವಾದ ರಂಧ್ರದ ಕಲ್ಲು. ಬ್ಯಾಕ್ಟೀರಿಯಾಗಳ ಮನೆ ಅದು. ಕೊನೆಗೆ ನವಿರಾದ ಹತ್ತಿಯಂಥ ಪದರ. ಶುದ್ಧವಾದ ನೀರನ್ನು ಪಂಪು ಇನ್ನೊಂದು ಕೊಳವೆಯಲ್ಲಿ ಮೇಲೆ ಕಳಿಸುತ್ತದೆ.

ನಾನು ಉಜ್ಜಿ ತೊಳೆದ ಆ ಕಂದು ಲೋಳೆಯೇ ಬ್ಯಾಕ್ಟೀರಿಯಾಗಳ ಊರು. ನಗರದ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಹೊಟ್ಟೆ ಕೆಡದಿರಲೆಂದು ಹಾಕುವ ಅದು ಈ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಉಳಿಸುವುದಿಲ್ಲ. ಹೆಪ್ಪನ್ನು ಎಸೆದು, ಪಾತ್ರೆಯನ್ನು ಕುದಿಸಿ, ಮೊಸರಾಗಲಿಲ್ಲ ಎಂದು ಹಾಲನ್ನು ಬೈದವನ ಸ್ಥಿತಿ ನನ್ನದು.

ಬಕೆಟ್ಟಿನ ಪರೀಕ್ಷೆ

ನೀರು ಯಾಕೆ ಅಷ್ಟು ಬೇಗ ಸಣ್ಣಗಾಯಿತು ಎಂಬ ಪ್ರಶ್ನೆ ಉಳಿದಿತ್ತು. ಪೆಟ್ಟಿಗೆಯ 1400 ನಿಜವೇ ಎಂದು ಅಳೆಯಲು ಹೊರಟೆವು. ಬೇಕಾದ್ದು ಒಂದು ಬಕೆಟ್ಟು, ಒಂದು ಗಡಿಯಾರ. ಮೊಮ್ಮಗಳು ಲೀಟರ್ ಬಾಟಲಿಯಿಂದ ಹತ್ತು ಸಲ ನೀರು ಸುರಿದು 10 ಲೀಟರಿನ ಗೆರೆ ಎಳೆದಳು. ಅಷ್ಟು ತುಂಬಲು ಎಷ್ಟು ಸೆಕೆಂಡು ಬೇಕೋ ಆ ಸಂಖ್ಯೆಯಿಂದ 36000ವನ್ನು ಭಾಗಿಸಿದರೆ ಗಂಟೆಗೆ ಎಷ್ಟು ಲೀಟರ್ ಎಂಬುದು ಬರುತ್ತದೆ. 36 ಸೆಕೆಂಡಿಗೆ ತುಂಬಿದರೆ 1000 ಲೀಟರ್. ಮಕ್ಕಳೇ, ಈ ಸೂತ್ರ ಹೇಗೆ ಬಂತೆಂದು ನೀವೇ ಮಾಡಿ ನೋಡಿ. ಗಂಟೆಗೆ 3600 ಸೆಕೆಂಡು ಎಂಬುದೊಂದು ನೆನಪಿದ್ದರೆ ಸಾಕು.

ಹೊರಬರುವ ಕೊಳವೆಯ ತುದಿಯನ್ನು ನೆಲದ ಮೇಲಿದ್ದ ಬಕೆಟ್ಟಿಗೆ ಇಳಿಸಿದೆ. 24 ಸೆಕೆಂಡಿಗೆ ತುಂಬಿತು. ಅಂದರೆ 1500! ನಾನು ಹಿಗ್ಗಿದೆ. ಮೊಮ್ಮಗಳು ಹುಬ್ಬು ಗಂಟಿಕ್ಕಿ, “ಪೆಟ್ಟಿಗೇಲಿ ಇರೋದಕ್ಕಿಂತ ಜಾಸ್ತಿ ಹೇಗೆ ಬರುತ್ತೆ?” ಎಂದಳು. ಪ್ಲಗ್ ತೆಗೆಯಿರಿ ಎಂದಳು. ತೆಗೆದೆ. ಪಂಪು ನಿಂತರೂ ನೀರು ಬಕೆಟ್ಟಿಗೆ ಬೀಳುತ್ತಲೇ ಇತ್ತು! ಎತ್ತರದ ತೊಟ್ಟಿಯಿಂದ ತಗ್ಗಿನ ಬಕೆಟ್ಟಿಗೆ ನೀರು ತಾನೇ ಇಳಿಯುತ್ತಿತ್ತು. ಡ್ರಮ್ಮಿನಿಂದ ಸೀಮೆಎಣ್ಣೆಯನ್ನು ಕೊಳವೆಯಲ್ಲಿ ಇಳಿಸುತ್ತಿದ್ದೆವಲ್ಲ, ಅದೇ ಸೈಫನ್. ಪಂಪಿನ ದುಡಿಮೆಗೆ ಅದೂ ಸೇರಿ ಲೆಕ್ಕ ಉಬ್ಬಿತ್ತು.

ಸರಿಯಾದ ಕ್ರಮ ಇದು: ಕೊಳವೆಯ ತುದಿಯನ್ನು ತೊಟ್ಟಿಯಲ್ಲಿ ಅದು ಸಾಮಾನ್ಯವಾಗಿ ಇರುವ ಎತ್ತರದಲ್ಲೇ ಹಿಡಿಯಬೇಕು. ಅಲ್ಲಿಂದ ನೀರು ಗಾಳಿಯಲ್ಲಿ ಬಿದ್ದು ಬಕೆಟ್ಟು ಸೇರಬೇಕು. ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಬಕೆಟ್ಟಿಟ್ಟು ಮತ್ತೆ ಅಳೆದೆವು. 45 ಸೆಕೆಂಡು. ಗಂಟೆಗೆ 800 ಲೀಟರ್. ಅದೂ ತೊಳೆದು ಹೊಸದರಂತೆ ಇದ್ದಾಗ. ಎರಡು ತಿಂಗಳ ನಂತರ ಅಳೆದಾಗ 80 ಸೆಕೆಂಡು, ಅಂದರೆ 450 ಲೀಟರ್. ನಾನು ಲಾಭವೆಂದುಕೊಂಡ ಇನ್ನೂರು ಹೀಗೆ ಕರಗಿಹೋಯಿತು.

ಕಂಪನಿಯವರು ಮೋಸ ಮಾಡಿದರೇ? ಹಾಗನ್ನಲಾಗದು. ಪೆಟ್ಟಿಗೆಯ ಅಂಕಿ ಸಾಮಾನ್ಯವಾಗಿ ಬರಿಯ ಪಂಪಿನದು. ಸ್ಪಂಜು, ಉಂಗುರ, ಉದ್ದದ ಕೊಳವೆ, ಅದರ ತಿರುವು ಇವೆಲ್ಲ ನೀರಿಗೆ ಅಡ್ಡಿ. ಕೆಲವರು ಎರಡು ಅಂಕಿಗಳನ್ನೂ ಬಿಡಿಸಿ ಹೇಳುತ್ತಾರೆ. ಕೆನಡಾದ ಹೇಗನ್ ಕಂಪನಿ ತನ್ನ ಫ್ಲೂವಲ್ ಎಫ್‌ಎಕ್ಸ್-6 ಎಂಬ ದೊಡ್ಡ ಫಿಲ್ಟರಿಗೆ ಪಂಪಿನ ಶಕ್ತಿ ಗಂಟೆಗೆ 3500 ಲೀಟರ್, ಫಿಲ್ಟರಿನ ಮೂಲಕ ಹರಿಯುವುದು 2130 ಲೀಟರ್ ಎಂದು ಬೇರೆಬೇರೆಯಾಗಿ ಕೊಟ್ಟಿದೆ. ಅಂದರೆ ನೂರಕ್ಕೆ ಅರವತ್ತೊಂದು. ಒಂದೇ ಅಂಕಿ ಇದ್ದರೆ ಅದು ಯಾವ ಅಂಕಿ ಎಂದು ಕೇಳಬೇಕಾದದ್ದು ಕೊಳ್ಳುವವರ ಕೆಲಸ. ನಾನು ಕೇಳಿರಲಿಲ್ಲ.

ಮೂರು ಡಬ್ಬಿಗಳ ಹೋಲಿಕೆ

ಹೊಸದನ್ನು ಕೊಳ್ಳುವ ಮೊದಲು ಈ ಸಲ ಆತುರಪಡಲಿಲ್ಲ. ನಮ್ಮ ಫಿಲ್ಟರಿನ ಜೊತೆಗೆ ಇನ್ನೆರಡನ್ನು ಪರೀಕ್ಷಿಸಿದೆವು. ಒಂದು, ನನ್ನ ಹಳೆಯ ಸಹೋದ್ಯೋಗಿಯ ಮನೆಯಲ್ಲಿ ಹನ್ನೆರಡು ವರ್ಷದಿಂದ ಓಡುತ್ತಿದ್ದದ್ದು. ಇನ್ನೊಂದು, ಅಂಗಡಿಯ ಹುಡುಗ ತನ್ನ ದೊಡ್ಡ ತೊಟ್ಟಿಗೆ ಹಾಕಿಕೊಂಡದ್ದು. ಮೊಮ್ಮಗಳು ಪುಸ್ತಕದಲ್ಲಿ ಕೋಷ್ಟಕ ಎಳೆದಳು.

ನಮ್ಮದು: ಪೆಟ್ಟಿಗೆಯಲ್ಲಿ 1400, ಅಳತೆಯಲ್ಲಿ 800, ಎರಡು ತಿಂಗಳ ನಂತರ 450. ವಿದ್ಯುತ್ 35 ವ್ಯಾಟ್.

ಸ್ನೇಹಿತನದು: ಪೆಟ್ಟಿಗೆಯಲ್ಲಿ 1000, ಅಳತೆಯಲ್ಲಿ 48 ಸೆಕೆಂಡಿಗೆ ಬಕೆಟ್ಟು, ಅಂದರೆ 750. ಎರಡು ತಿಂಗಳ ನಂತರ 600. ವಿದ್ಯುತ್ 20 ವ್ಯಾಟ್.

ಅಂಗಡಿಯದು: ಪೆಟ್ಟಿಗೆಯಲ್ಲಿ 2000, ಅಳತೆಯಲ್ಲಿ 30 ಸೆಕೆಂಡು, ಅಂದರೆ 1200. ವಿದ್ಯುತ್ 55 ವ್ಯಾಟ್. ಎರಡು ತಿಂಗಳ ನಂತರದ ಅಳತೆ ಸಿಗಲಿಲ್ಲ. ಹುಡುಗ ತಿಂಗಳಿಗೊಮ್ಮೆ ತಪ್ಪದೆ ಸ್ವಚ್ಛ ಮಾಡುವವನು.

1000 ಎಂದು ಬರೆದಿದ್ದ ಚಿಕ್ಕದು 1400ರ ನಮ್ಮದಕ್ಕೆ ಬಹುತೇಕ ಸಮನಾಗಿ ನಿಂತಿತ್ತು. ಎರಡು ತಿಂಗಳ ನಂತರ ಅದೇ ಮುಂದೆ. ಕಾರಣ ಹುಡುಕಲು ಎರಡನ್ನೂ ಬಿಚ್ಚಿ ನೋಡಿದೆವು. ನಮ್ಮದರಲ್ಲಿ ನವಿರು ಪದರ ದಪ್ಪಗಿತ್ತು. ಬಹಳ ಬೇಗ ಕಟ್ಟಿಕೊಳ್ಳುತ್ತಿತ್ತು. ಅಲ್ಲದೆ ಒಳಗಿನ ಬುಟ್ಟಿಗಳಿಗೂ ಡಬ್ಬಿಯ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ನೀರು ಸುಲಭದ ದಾರಿ ಹಿಡಿಯುವ ಜಾತಿ. ಪದರ ಕಟ್ಟಿಕೊಂಡಂತೆಲ್ಲ ಹೊಲಸು ನೀರು ಆ ಸಂದಿನಲ್ಲಿ ಜಾರಿ ಶುದ್ಧವಾಗದೆಯೇ ಮೇಲೆ ಹೋಗುತ್ತಿತ್ತು. ಸ್ನೇಹಿತನದರಲ್ಲಿ ಬುಟ್ಟಿಯೇ ಇರಲಿಲ್ಲ; ಡಬ್ಬಿಯ ತುಂಬ ಗೋಡೆಗೆ ತಾಗುವಂತೆ ಉಂಗುರ, ಸ್ಪಂಜು ತುಂಬಿತ್ತು. ನೀರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆದ್ದರಿಂದ ಹರಿವು ಎಷ್ಟು ಎಂಬುದರ ಜೊತೆಗೆ, ಹರಿದದ್ದು ಎಲ್ಲಿ ಹಾದು ಬಂತು ಎಂದೂ ನೋಡಬೇಕು.

ಕೊನೆಗೆ ನಾವು ಮಾಡಿದ್ದೇನು? ದೊಡ್ಡದನ್ನು ಕೊಳ್ಳಲಿಲ್ಲ. ಇದ್ದದ್ದನ್ನು ಉಳಿಸಿಕೊಂಡು, ಅದರ ನವಿರು ಪದರವನ್ನು ತೆಳ್ಳಗೆ ಮಾಡಿ, ಸಂದಿಗೆ ಸ್ಪಂಜಿನ ಪಟ್ಟಿ ತುರುಕಿ, ಜೊತೆಗೆ ಸ್ನೇಹಿತನದರಂಥದ್ದೇ ಇನ್ನೊಂದನ್ನು ಹಾಕಿದೆವು. 35ಕ್ಕೆ 20 ಕೂಡಿಸಿದರೆ 55 ವ್ಯಾಟ್. ದೊಡ್ಡದೊಂದಕ್ಕೂ ಚಿಕ್ಕವೆರಡಕ್ಕೂ ವಿದ್ಯುತ್ ಖರ್ಚು ಒಂದೇ. 55 ವ್ಯಾಟ್ ದಿನದ 24 ಗಂಟೆ ಓಡಿದರೆ 1.32 ಯೂನಿಟ್, ತಿಂಗಳಿಗೆ ಸುಮಾರು 40 ಯೂನಿಟ್. ಫಿಲ್ಟರನ್ನು ರಾತ್ರಿ ಆರಿಸುವಂತಿಲ್ಲವಾದ್ದರಿಂದ ಕೊಳ್ಳುವಾಗಲೇ ಈ ಗುಣಾಕಾರ ಮಾಡಿಕೊಳ್ಳುವುದು ಒಳ್ಳೆಯದು. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ದುಡಿಯುತ್ತದೆ. ಒಂದು ತಿಂಗಳು ಇದನ್ನು, ಮುಂದಿನ ತಿಂಗಳು ಅದನ್ನು ಸ್ವಚ್ಛ ಮಾಡಿದರೆ ಬ್ಯಾಕ್ಟೀರಿಯಾಗಳ ಊರು ಒಟ್ಟಿಗೇ ಹಾಳಾಗುವುದಿಲ್ಲ. ಹೊಸದಕ್ಕೆ ಹಳೆಯದರ ಒಂದು ಹಿಡಿ ಉಂಗುರ ಹಾಕಿದೆವು. ಈ ಸಲ ಹೆಪ್ಪು ಹಾಕಿದ್ದು ನಾನೇ.

ಅಂಗಡಿಯಲ್ಲಿ ನೋಡಬೇಕಾದ್ದು

ಕೊಳ್ಳುವವರು ಗಮನಿಸಬೇಕಾದ ಇನ್ನೂ ಕೆಲವು ಸಂಗತಿ ಹೇಳುತ್ತೇನೆ. ಕೊಳವೆಗಳನ್ನು ಡಬ್ಬಿಯಿಂದ ಬೇರ್ಪಡಿಸುವ ಕಡೆ ನೀರು ನಿಲ್ಲಿಸುವ ಕೀಲಿ ಇರಬೇಕು. ಇಲ್ಲದಿದ್ದರೆ ಸ್ವಚ್ಛ ಮಾಡುವ ದಿನ ನಡುಮನೆ ಕೆರೆಯಾಗುತ್ತದೆ. ಮುಚ್ಚಳದ ಸುತ್ತ ಇರುವ ರಬ್ಬರ್ ಬಳೆ ಮತ್ತು ಪಂಪಿನ ತಿರುಗುವ ಚಕ್ರ ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲೇ ಕೇಳಿ. ಹತ್ತು ರೂಪಾಯಿಯ ಮೊಳೆ ಸಿಗದೆ ಇಡೀ ಗಾಡಿ ಮೂಲೆ ಸೇರುವುದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ಡಬ್ಬಿಯೊಳಗೆ ಎಷ್ಟು ಲೀಟರ್ ಜಾಗ ಇದೆ ಎಂದು ನೋಡಿ. ಬ್ಯಾಕ್ಟೀರಿಯಾ ನೆಲೆಸುವುದು ಆ ಜಾಗದಲ್ಲಿ. ಮೊದಲ ಸಲ ನೀರು ತುಂಬಿಸಲು ಒತ್ತುವ ಗುಂಡಿ ಇದ್ದರೆ ನನ್ನಂಥ ಬೆನ್ನುನೋವಿನವರಿಗೆ ಅನುಕೂಲ. ಓಡಿಸಿ ತೋರಿಸಲು ಹೇಳಿ, ಕಿವಿಗೊಟ್ಟು ಕೇಳಿ. ಮಲಗುವ ಕೋಣೆಯ ಪಕ್ಕದಲ್ಲಿಡುವ ಯಂತ್ರ ಅದು.

ಕೆಲವದರಲ್ಲಿ ಅಲ್ಟ್ರಾವಯೊಲೆಟ್ ದೀಪ ಇರುತ್ತದೆ. ನೀರು ಹಸಿರಾಗಿದ್ದರೆ ಅದರಲ್ಲಿ ತೇಲುವ ಪಾಚಿಯನ್ನು ಅದು ಕೊಲ್ಲುತ್ತದೆ. ಅಮೋನಿಯಾ ತೆಗೆಯುವ ಕೆಲಸ ಅದರದಲ್ಲ. ಉರಿಯುತ್ತಿರುವ ಆ ದೀಪವನ್ನು ನೇರವಾಗಿ ನೋಡಬಾರದು. ಇದ್ದಿಲಿನ ಚೀಲವನ್ನೂ ಕೊಡುತ್ತಾರೆ. ಅದು ನೀರಿನ ಬಣ್ಣ, ವಾಸನೆ, ಔಷಧದ ಅಂಶ ಹೀರುತ್ತದೆ, ಕೆಲವು ವಾರಗಳಲ್ಲಿ ಅದರ ಶಕ್ತಿ ಮುಗಿಯುತ್ತದೆ. ದಿನನಿತ್ಯಕ್ಕೆ ಬೇಕೇ ಬೇಕು ಎಂದೇನಿಲ್ಲ. ತೊಟ್ಟಿ 50, 60 ಲೀಟರಿನದಾದರೆ ಡಬ್ಬಿ ಫಿಲ್ಟರಿಗೆ ದುಡ್ಡು ಹಾಕಲೇಬೇಡಿ. ಗಾಳಿಯ ಪಂಪಿನಿಂದ ನಡೆಯುವ ಸಾದಾ ಸ್ಪಂಜ್ ಫಿಲ್ಟರ್ ಸಾಕು.

ಸ್ವಚ್ಛ ಮಾಡುವುದು ಹೀಗೆ

ಮೊದಲು ಪ್ಲಗ್ ತೆಗೆಯಬೇಕು. ಇದು ದೊಡ್ಡವರ ಕೆಲಸ. ಮಕ್ಕಳು ಒದ್ದೆ ಕೈಯಲ್ಲಿ ಸ್ವಿಚ್ಚಿನ ಹತ್ತಿರ ಹೋಗಬಾರದು. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮೇಲೇರುವಂತೆ ಬಿಟ್ಟಿದ್ದರೆ, ಅದರ ಮೇಲೆ ಹರಿದ ನೀರು ಪ್ಲಗ್ ಮುಟ್ಟದೆ ಕೆಳಗೇ ತೊಟ್ಟಿಕ್ಕುತ್ತದೆ. ಆಮೇಲೆ ತೊಟ್ಟಿಯದೇ ನೀರನ್ನು ಅರ್ಧ ಬಕೆಟ್ಟು ತೆಗೆದುಕೊಂಡು, ಅದರಲ್ಲಿ ಸ್ಪಂಜನ್ನು ಹಿಂಡಿ, ಉಂಗುರಗಳನ್ನು ಅಕ್ಕಿ ತೊಳೆದಷ್ಟೇ ಮೃದುವಾಗಿ ಒಮ್ಮೆ ಜಾಲಿಸಿದರೆ ಸಾಕು. ಬೆಳ್ಳಗಾಗಬೇಕಾಗಿಲ್ಲ. ಪಂಪಿನ ಚಕ್ರವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬಹುದು. ರಬ್ಬರ್ ಬಳೆಗೆ ತುಸು ಸಿಲಿಕೋನ್ ಗ್ರೀಸ್ ಸವರಬೇಕು.

ವಿದ್ಯುತ್ ಹೋದಾಗ ಇನ್ನೊಂದು ಎಚ್ಚರಿಕೆ. ಬ್ಯಾಕ್ಟೀರಿಯಾಗಳಿಗೂ ಉಸಿರು ಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಆಮ್ಲಜನಕ ಬೇಗ ಮುಗಿಯುತ್ತದೆ. ಹಲವು ಗಂಟೆ ಕರೆಂಟಿಲ್ಲದಿದ್ದರೆ ಒಳಗಿನ ನೀರು ಕೊಳೆತ ಮೊಟ್ಟೆಯಂತೆ ನಾರಬಹುದು. ಅದನ್ನು ಚೆಲ್ಲಿ, ತೊಟ್ಟಿಯ ನೀರಿನಲ್ಲಿ ಜಾಲಿಸಿಯೇ ಮತ್ತೆ ಓಡಿಸಬೇಕು. ಹಾಗೇ ಹಾಕಿದರೆ ಆ ಕೆಟ್ಟ ನೀರೆಲ್ಲ ಮೀನಿನ ಮೇಲೆ. ನಾವು ಬ್ಯಾಟರಿಯ ಸಣ್ಣ ಗಾಳಿ ಪಂಪೊಂದನ್ನು ಇಟ್ಟುಕೊಂಡಿದ್ದೇವೆ.

ಕೊನೆಯದಾಗಿ, ಎಂಥ ಫಿಲ್ಟರ್ ಇದ್ದರೂ ನೀರು ಬದಲಿಸುವುದು ತಪ್ಪದು. ಬ್ಯಾಕ್ಟೀರಿಯಾ ಮಾಡಿದ ನೈಟ್ರೇಟ್ ನೀರಿನಲ್ಲೇ ಸೇರುತ್ತಾ ಹೋಗುತ್ತದೆ. ಬ್ಯಾಂಕಿನ ಭಾಷೆಯಲ್ಲಿ, ಫಿಲ್ಟರ್ ಸಾಲವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸುತ್ತದೆ, ತೀರಿಸುವುದಿಲ್ಲ. ತೀರಿಸಲು ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಕ್ಲೋರಿನ್ ಇಳಿಸಿದ ಹೊಸ ನೀರು ಹಾಕಬೇಕು. ನಮ್ಮ ತೊಟ್ಟಿಗೆ ಅದು 75 ಲೀಟರ್. ತೆಗೆದ ನೀರು ಕರಿಬೇವಿನ ಗಿಡಕ್ಕೆ. ಗಿಡ ಈಗ ಮಾಡಿನ ಎತ್ತರಕ್ಕೆ ಬಂದಿದೆ.

ಉಳಿದಿದ್ದ ಎರಡು ಮೀನುಗಳು ಈಗ ಗುಂಡನಷ್ಟೇ ದಪ್ಪಗಾಗಿವೆ. ಅವುಗಳ ಜೊತೆಗೆ ಹೊಸದಾಗಿ ಎರಡನ್ನು ಬಿಟ್ಟಿದ್ದೇವೆ. ಅದಕ್ಕಿಂತ ಹೆಚ್ಚು ಬೇಡ ಎಂದು ಮೊಮ್ಮಗಳದೇ ತೀರ್ಮಾನ. ಶಾಲೆಯ ವರ್ಷ ಮುಗಿದು ಪುಣೆಗೆ ಹೋಗಬೇಕಾಗಿದ್ದವಳು ಇನ್ನೊಂದು ವರ್ಷ ಇಲ್ಲೇ ಓದುತ್ತೇನೆ ಎಂದು ಉಳಿದಿದ್ದಾಳೆ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಸ್ಟೂಲು, ಬಕೆಟ್ಟು, ಗಡಿಯಾರ ಸಿದ್ಧವಾಗುತ್ತವೆ. ಕೊಳವೆ ಹಿಡಿಯುವುದು ನಾನು, ಸೆಕೆಂಡು ಎಣಿಸುವುದು ಅವಳು. ಕಳೆದ ಭಾನುವಾರ ಒಂದರದು 47, ಇನ್ನೊಂದರದು 50. ಅವಳು ಬರೆದಳು, ನಾನು ಪಕ್ಕದಲ್ಲಿ ಸಹಿ ಹಾಕಿದೆ.